ಕ್ರೀಮ್ ಪಾಸ್ತಾ, ಚಿಕನ್ ಸ್ಟೀಕ್: ಸಾಸ್ ಒಡೀಬಾರದಂದ್ರ
ಪ್ಯಾಕೆಟ್ ಫ್ರೆಶ್ ಕ್ರೀಮಿನಾಗ ಕೊಬ್ಬು ಕಮ್ಮಿ ಇರ್ತದ್ರೀ, ಸುಮಾರು 25%. ಜೋರಾಗಿ ಕುದಿಸಿದ್ರ, ಇಲ್ಲಾ ಒಲಿ ಮ್ಯಾಲಿದ್ದಾಗನ ಲಿಂಬಿಹಣ್ಣು ಹಿಂಡಿದ್ರ ಒಡೀತದ.

ಇಬ್ಬರಿಗೆ 160 ಗ್ರಾಂ ಪಾಸ್ತಾ, 2 ಲೀಟರ್ ನೀರು, 20 ಗ್ರಾಂ ಉಪ್ಪು. ಪ್ಯಾಕೆಟ್ ಮ್ಯಾಲಿನ ಟೈಮಿಗಿಂತ ಒಂದು ನಿಮಿಷ ಮೊದಲ ಬಸೀರಿ, ಆ ನೀರು ಒಂದು ಕಪ್ ತೆಗೆದಿಡ್ರಿ.

ಚಿಕನ್ ಬ್ರೆಸ್ಟ್ ಒಂದೂವರೆ ಸೆಂ.ಮೀ. ದಪ್ಪ ಆಗೂಹಂಗ ಬಡಿದು, ಪಸೆ ಪೂರ್ತಿ ಒರೆಸ್ರಿ. ಹಸಿ ಇದ್ರ ಕೆಂಪಗಾಗೂದಿಲ್ಲ, ಬೇಯ್ತದ ಅಷ್ಟ. ದಪ್ಪ ಪ್ಯಾನ್ ಚಲೋತ್ನಾಗಿ ಕಾಯಿಸಿ ಒಂದೊಂದು ಮಗ್ಗಲಿಗೆ 4–5 ನಿಮಿಷ. ಒಳಗ ಗುಲಾಬಿ ಬಣ್ಣ ಉಳೀಬಾರದು. ತೆಗೆದು 5 ನಿಮಿಷ ಬಿಟ್ಟು ಹೆಚ್ರಿ.

ಅದ ಪ್ಯಾನಿನಾಗ ಸಣ್ಣ ಉರಿ ಮ್ಯಾಲೆ ಬೆಣ್ಣಿ, ಬಳ್ಳೊಳ್ಳಿ, ಅರ್ಧ ಕಪ್ ಪಾಸ್ತಾ ನೀರು, ಕಡೀಕ 200 ಮಿ.ಲೀ. ಕ್ರೀಮ್. ಅಂಚಿನಾಗ ಗುಳ್ಳಿ ಕಂಡ್ರ ಸಾಕು, ಪಾಸ್ತಾ ಹಾಕಿಬಿಡ್ರಿ. ಚಿಲ್ಲಿ ಫ್ಲೇಕ್ಸ್ ಯಾಕ ಬೇಕ್ರಿ? ಬ್ಯಾಡಗಿ ಮೆಣಸಿನಕಾಯಿ ತರಿತರಿ ಕುಟ್ಟಿ ಉದುರಸ್ರಿ.