"ಮರನಿಗೆ" ಅಂದ್ರೆ ಯಾಕೆ ತಪ್ಪು?

ನನ್ನ ಜೊತೆ ಕೆಲಸ ಮಾಡೋರೊಬ್ರು ಕನ್ನಡ ಕಲೀತಿದ್ರು, ಒಂದಿನ "ಮರನಿಗೆ ನೀರು ಹಾಕಿದೆ" ಅಂದ್ರು. ನಾನು ನಕ್ಕು "ಮರಕ್ಕೆ ಅನ್ನಿ" ಅಂದೆ. ಅವ್ರು ಬಿಡ್ಲಿಲ್ಲ, ಹುಡುಗ ಅನ್ನೋದೂ ಅಕಾರದಲ್ಲೇ ಮುಗಿಯುತ್ತೆ ಮರ ಅನ್ನೋದೂ ಅಕಾರದಲ್ಲೇ ಮುಗಿಯುತ್ತೆ, ಹುಡುಗನಿಗೆ ಸರಿ ಆದ್ರೆ ಮರನಿಗೆ ಯಾಕಾಗಲ್ಲ ಅಂತ ಕೇಳಿದ್ರು. ಹುಟ್ಟಿದಾಗಿಂದ ಮಾತಾಡ್ತಿರೋ ಭಾಷೆ, ಉತ್ತರ ಬಾಯಿಗೆ ಬರ್ಲಿಲ್ಲ. "ಕೇಳೋಕೆ ಚೆನ್ನಾಗಿಲ್ಲ" ಅಂತ ತೇಲಿಸಿಬಿಟ್ಟೆ.

ಮನೆಗೆ ಬಂದು ಸ್ಕೂಲಲ್ಲಿ ಉರು ಹೊಡೆದ ವಿಭಕ್ತಿ ಪಟ್ಟಿ ನೆನಪು ಮಾಡ್ಕೊಂಡೆ. ಚತುರ್ಥಿಗೆ ಗೆ, ಇಗೆ, ಕ್ಕೆ ಅಂತ ಇದೆ ಅಷ್ಟೇ, ಯಾವುದು ಯಾವಾಗ ಅನ್ನೋದು ಪಟ್ಟೀಲಿಲ್ಲ. ಪಂಚಮಿಗೆ "ದೆಸೆಯಿಂದ" ಅಂತಿತ್ತಲ್ಲ, ಅದನ್ನ ಮಾತಲ್ಲಿ ಯಾರ ಬಾಯಲ್ಲೂ ನಾನು ಕೇಳಿಲ್ಲ. ಮರದಿಂದ ಬಿದ್ದ ಅಂತೀವೇ ಹೊರತು ಮರದ ದೆಸೆಯಿಂದ ಬಿದ್ದ ಅನ್ನಲ್ಲ. ಸಂಸ್ಕೃತದ ಏಳು ವಿಭಕ್ತಿ ಲೆಕ್ಕ ಸರಿಹೋಗ್ಲಿ ಅಂತ ಒಂದು ಖಾನೆ ತುಂಬಿಸಿದ ಹಾಗಿದೆ.

ಪಟ್ಟಿ ಬಿಟ್ಟು ಬೇರೆ ದಾರಿ ಹಿಡಿದೆ. ಬೇಕಂತ್ಲೇ ತಪ್ಪು ವಾಕ್ಯ ಬರೆಯೋದು, ಜೋರಾಗಿ ಓದೋದು, ಎಲ್ಲಿ ಹಲ್ಲಿಗೆ ಕಲ್ಲು ಸಿಕ್ಕ ಹಾಗಾಗುತ್ತೋ ಅಲ್ಲೊಂದು ಗೆರೆ ಎಳೆಯೋದು. "ಮೂರು ಪುಸ್ತಕ ತಂದೆ" ಸಲೀಸು, ಪುಸ್ತಕಗಳು ಅನ್ನೋದೂ ಬೇಡ. "ಮೂರು ಹುಡುಗ ಬಂದ" ಕಲ್ಲು, ಮೂರು ಜನ ಹುಡುಗ್ರು ಬಂದ್ರು ಅಂದ್ರೇನೇ ಸಮಾಧಾನ. "ಪುಸ್ತಕ ಹುಡುಕ್ದೆ" ಓಕೆ, "ತಮ್ಮ ಹುಡುಕ್ದೆ" ಅಂದ್ರೆ ತಮ್ಮನೇ ಏನೋ ಹುಡುಕಿದ ಹಾಗಿದೆ, ತಮ್ಮನ್ನ ಅನ್ಬೇಕು. ಮರದ, ಮರಕ್ಕೆ ಒಂದು ಕಡೆ, ಹುಡುಗನ, ಹುಡುಗನಿಗೆ ಇನ್ನೊಂದು ಕಡೆ.

ಒಂದು ವಾರ ಇವೆಲ್ಲ ಬೇರೆ ಬೇರೆ ರೂಲ್ಸು ಅಂದ್ಕೊಂಡು ಬೇರೆ ಬೇರೆ ಪೇಜಲ್ಲಿ ಬರೀತಿದ್ದೆ, ಆಮೇಲೆ ತಲೆಗೆ ಹೋಯ್ತು, ಎಲ್ಲಾ ಕಡೆ ಭಾಷೆ ಕೇಳ್ತಿರೋದು ಒಂದೇ ಪ್ರಶ್ನೆ, ಇದು ಮನುಷ್ಯನಾ ಅಲ್ವಾ?

ಅಲ್ಲಿಂದ ಮುಂದೆ ನಿಜವಾಗ್ಲೂ ಮಜಾ ಬಂತು, ಯಾಕಂದ್ರೆ ಸುಲಭಕ್ಕೆ ಸಿಗದ ಪದಗಳೂ ಇದಾವೆ. ಮಗು ಮನುಷ್ಯನೇ, ಆದ್ರೆ "ಮಗು ಬಂತು" ಅಂತೀವಿ, ನಾಯಿ ಬಂತು ಅಂದ ಹಾಗೇನೇ. ಅದೇ ಮಗು ಇಬ್ರಾದ ತಕ್ಷಣ "ಮಕ್ಕಳು ಬಂದ್ರು", ಬಂದವು ಅಲ್ಲ! ಒಂದಿದ್ದಾಗ ಅದು, ಎರಡಾದ್ರೆ ಅವರು.

ಇನ್ನೊಂದು, "ಕೆಲಸಕ್ಕೆ ಆಳು ಹುಡುಕ್ತಿದೀನಿ" ಅಂತೀವಿ. ಆಳು ಮನುಷ್ಯ ತಾನೇ, ತಮ್ಮನ್ನ ಅನ್ನೋದ್ರಲ್ಲಿದ್ದ "ಅನ್ನು" ಪ್ರತ್ಯಯ ಇಲ್ಲಿ ಎಲ್ಲಿ ಹೋಯ್ತು? "ಆಳನ್ನ ಹುಡುಕ್ತಿದೀನಿ" ಅಂತ ಹೇಳಿ ನೋಡಿದೆ, ಅರ್ಥಾನೇ ಬದಲಾಯ್ತು, ಗೊತ್ತಿರೋ ಒಬ್ಬ ಆಳು ಎಲ್ಲೋ ಕಾಣೆಯಾಗಿದಾನೆ ಅನ್ನೋ ಹಾಗೆ. ಅಂದ್ರೆ ಮನುಷ್ಯನಾ ಅಂತಷ್ಟೇ ಅಲ್ಲ, ಇಂಥವನೇ ಅಂತ ಗೊತ್ತಿರೋ ಮನುಷ್ಯನಾ ಅಂತಾನೂ ಕೇಳುತ್ತೆ. ಈ ಒಂದು ಸಾಲಿಗೆ ನಾನು ಎರಡು ಸಂಜೆ ಕೂತಿದ್ದೆ, ಬೇಜಾರಿಲ್ಲ.

ಎಲ್ಲಾ ಸೇರಿಸಿ ಅವ್ರಿಗೆ ಹೇಳ್ದೆ, ಅಕಾರದಲ್ಲಿ ಮುಗಿಯೋ ಪದ ಮನುಷ್ಯಂದಾದ್ರೆ ನಿಗೆ, ಇಲ್ದಿದ್ರೆ ಕ್ಕೆ. ತಲೆ ಆಡಿಸಿ ಬರ್ಕೊಂಡ್ರು. ಮರುದಿನ ಬಂದು "ಗಿಡ ಸೂರ್ಯಕ್ಕೆ ಮುಖ ಮಾಡಿದೆ" ಅಂದ್ರು. ನಾನು ಬಾಯಿ ತೆರೆದು ಹಾಗೇ ಮುಚ್ಚಿದೆ. ಸೂರ್ಯನಿಗೆ ಅನ್ಬೇಕು, ಚಂದ್ರನಿಗೆ ಅನ್ಬೇಕು, ಪಕ್ಕದಲ್ಲೇ ಇರೋ ನಕ್ಷತ್ರಕ್ಕೆ ಮಾತ್ರ ಕ್ಕೆ. ನೋಟ್‌ಬುಕ್ ತೆಗೆದು ಮನುಷ್ಯ ಅಂತಿದ್ದ ಕಡೆ "ಅವನು, ಅವಳು ಅಂತ ಕರೆಯೋದೆಲ್ಲಾ" ಅಂತ ತಿದ್ದಿದೆ.