ಕಿಟ್ಟದ ಚೀಲ ಮಳೆಗೆ ನೆಂದ ಮೇಲೆ

ದಾವಣಗೆರೆಯಲ್ಲಿ ಭಟ್ಟಿ ಅಂದರೆ ಮಂಡಕ್ಕಿ ಭಟ್ಟಿ. ನಮ್ಮದೂ ಭಟ್ಟಿಯೇ, ಆದರೆ ಹುರಿಯುವುದಲ್ಲ, ಕರಗಿಸುವುದು. ಗುಜರಿಯಿಂದ ಬಂದ ತೂತು ಪಾತ್ರೆ, ಕಿಟಕಿ ಚೌಕಟ್ಟಿನ ತುಂಡು, ಹಳೇ ಪಿಸ್ಟನ್ ಎಲ್ಲ ಒಂದೇ ಮೂಸೆಗೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಇನ್ನಷ್ಟು ಕಾಯಿಸಿ, ಕಸ ಬೇರ್ಪಡಿಸುವ ಉಪ್ಪಿನ ಪುಡಿ, ಅಂದರೆ ಫ್ಲಕ್ಸ್, ಎರಚಿದರೆ ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ಅದನ್ನು ಸೌಟಿನಲ್ಲಿ ಬಳಿದು ತೆಗೆಯುತ್ತೇವೆ. ಅದೇ ಕಿಟ್ಟ, ವ್ಯಾಪಾರದವರ ಬಾಯಲ್ಲಿ ಡ್ರಾಸ್.

ಬಹಳ ವರ್ಷ ಅದನ್ನು ಚೀಲಕ್ಕೆ ತುಂಬಿ ಹಿತ್ತಲಲ್ಲಿ ಒಟ್ಟಿದ್ದೆ. ಒಂದು ಮುಂಗಾರಿನಲ್ಲಿ ತಾಡಪಾಲು ಹಾರಿಹೋಗಿ ಚೀಲಗಳು ನೆಂದವು. ಬೆಳಿಗ್ಗೆ ಬಂದ ಹುಡುಗ ಮೂಗು ಮುಚ್ಚಿಕೊಂಡು, "ಅಣ್ಣಾರ, ಹಿತ್ಲಾಗ ಏನೋ ಸತ್ತೈತಿ ನೋಡ್ರಿ" ಅಂದ. ಸತ್ತದ್ದೇನೂ ಇರಲಿಲ್ಲ. ವಾರಗಟ್ಟಲೆ ತೊಳೆಯದ ಕೊಟ್ಟಿಗೆಯ ಗಂಜಲದಂಥ ಘಾಟು, ಕಣ್ಣಲ್ಲಿ ನೀರು. ಚೀಲ ಮುಟ್ಟಿದರೆ ಕೈಗೆ ಬಿಸಿ! ಪಕ್ಕದ ಶೆಡ್ಡಿನವರು ಜಗಳಕ್ಕೇ ಬಂದರು. ಅವರದ್ದೇನೂ ತಪ್ಪಿಲ್ಲ.

ಪರಿಚಯದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರೊಬ್ಬರು ಕಾರಣ ಬಿಡಿಸಿ ಹೇಳಿದರು. ಕರಗಿದ ಲೋಹ ಗಾಳಿಯಿಂದ ಆಮ್ಲಜನಕ ಮಾತ್ರವಲ್ಲ, ಸಾರಜನಕವನ್ನೂ ಹಿಡಿದುಕೊಂಡು ನೈಟ್ರೈಡ್ ಆಗುತ್ತದೆ. ಅದಕ್ಕೆ ನೀರು ತಗುಲಿದರೆ ಅಮೋನಿಯ ಏಳುತ್ತದೆ. "ನೀರು ಸೋಕಬಾರದು ಅಂತ ಹೆದರೋದಕ್ಕಿಂತ ನೀವೇ ನೀರು ಹಾಕಿ ಮುಗಿಸಿಬಿಡಿ. ಆದರೆ ಬಯಲಲ್ಲಿ, ಬೀಡಿ ಸೇದೋರು ಹತ್ತಿರ ಇರದ ಹಾಗೆ" ಅಂದರು. ಜಲಜನಕವೂ ಏಳುತ್ತದೆ, ಕಿಡಿ ಸಾಕು.

ಕಿಟ್ಟದಿಂದ ಬ್ಲಾಕ್ ಮಾಡಬಹುದೇ ಅಂತ ನೋಡಲು ನನಗೆ ಆತುರ. ತೊಳೆಯದ ಕಿಟ್ಟವನ್ನೇ ಜರಡಿ ಹಿಡಿದು ಸಿಮೆಂಟಿಗೆ ಬೆರೆಸಿ ಅವರ ಲ್ಯಾಬಿನಲ್ಲಿ ಆರು ಅಚ್ಚು ತುಂಬಿಸಿದೆ. ಮರುದಿನ ನೋಡಿದರೆ ಹುದುಗಿದ ಇಡ್ಲಿ ಹಿಟ್ಟಿನಂತೆ ಅಚ್ಚು ಮೀರಿ ಉಬ್ಬಿ, ಮೇಲೆ ಬಿರುಕು ಬಿಟ್ಟಿದ್ದವು. ಉಗುರಿಂದ ಕೆರೆದರೆ ಉದುರುತ್ತಿತ್ತು. ಕಿಟ್ಟದಲ್ಲಿ ಉಳಿದ ಲೋಹದ ಕಾಳಿಗೆ ಸಿಮೆಂಟಿನ ಕ್ಷಾರ ತಗುಲಿ ಗುಳ್ಳೆ ಎದ್ದದ್ದು. ಮೇಷ್ಟ್ರು ನಕ್ಕರು: ಎಎಸಿ ಅನ್ನುವ, ಒಳಗೆಲ್ಲ ಗುಳ್ಳೆ ಇರುವ ಹಗುರ ಬ್ಲಾಕ್ ಮಾಡುವವರು ದುಡ್ಡು ಕೊಟ್ಟು ಅಲ್ಯೂಮಿನಿಯಂ ಪುಡಿ ಹಾಕುವುದು ಈ ಗುಳ್ಳೆಗೇ ಅಂತೆ. ಆ ಪುಡಿಯ ಬದಲು ಕಿಟ್ಟ ಬಳಸುವುದರ ಮೇಲೆ ಸಂಶೋಧನೆ ನಡೆದಿದೆ. ಕಿಟ್ಟದಿಂದ ನೀರು ತಿಳಿಯಾಗಿಸುವ ಪಟಿಕ, ಭಟ್ಟಿಗೆ ಹಾಕುವ ಶಾಖ ತಡೆಯುವ ಇಟ್ಟಿಗೆ, ಉಕ್ಕಿನ ಕಾರ್ಖಾನೆಗೆ ಬೇಕಾದ ಕ್ಯಾಲ್ಸಿಯಂ ಅಲ್ಯೂಮಿನೇಟ್ ಮಾಡುವ ಪ್ರಯತ್ನಗಳೂ ಇವೆ.

ಕೆಲವರು ಇದನ್ನೇ ಕೆಂಪು ಕೆಸರು ಅಂತ ತಪ್ಪು ತಿಳಿಯುತ್ತಾರೆ. ಅದು ಬೇರೆ, ಬೆಳಗಾವಿಯಂಥ ಕಡೆ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ (ಅಲ್ಯೂಮಿನಿಯಂ ಮಾಡುವ ಬಿಳಿ ಪುಡಿ) ತೆಗೆದ ಮೇಲೆ ಉಳಿಯುವುದು. ಒಂದು ಟನ್ ಅಲ್ಯೂಮಿನಾಕ್ಕೆ ಹೆಚ್ಚೂಕಡಿಮೆ ಒಂದರಿಂದ ಒಂದೂವರೆ ಟನ್ ಕೆಸರು. 2010ರಲ್ಲಿ ಹಂಗೇರಿಯ ಆಯ್ಕಾದಲ್ಲಿ ಅದರ ಕಟ್ಟೆ ಒಡೆದು ಹತ್ತು ಜನ ಸತ್ತರು. ಈಗ ಕಬ್ಬಿಣದಂಶಕ್ಕಾಗಿ ಸಿಮೆಂಟ್ ಕಾರ್ಖಾನೆಗಳು ಅದನ್ನು ಒಯ್ಯುತ್ತಿವೆ. ಅದರ ಮುಂದೆ ನಮ್ಮದು ಚಿಟಿಕೆ. ಆದರೆ ಆ ಕೆಸರು ಬೀಳುವುದು ಒಂದೇ ಕಡೆ, ಲೆಕ್ಕಕ್ಕೂ ಸಿಗುತ್ತದೆ. ನಮ್ಮ ಕಿಟ್ಟ ಊರೂರಲ್ಲಿ ಚೀಲ ಚೀಲವಾಗಿ ಹಳ್ಳ ಸೇರುತ್ತದೆ, ಕೇಳುವವರಿಲ್ಲ.

ಈಗ ನಾನು ಮಾಡುವುದು ಇಷ್ಟು. ಬಳಿದ ಕಿಟ್ಟ ಬಿಸಿ ಇರುವಾಗಲೇ ತೂತಿನ ಬಾಣಲೆಯಲ್ಲಿ ಒತ್ತುತ್ತೇವೆ. ಲೋಹ ಕೆಳಗೆ ಸೋರುತ್ತದೆ. ಲಾಭ ಇರುವುದು ಇಲ್ಲೇ, ಉಳಿದದ್ದೆಲ್ಲ ಕಸದ ಖರ್ಚು ಉಳಿಸಲು. ತಣಿದದ್ದನ್ನು ಕುಟ್ಟಿ, ಜರಡಿ ಹಿಡಿದು, ಬಯಲ ತೊಟ್ಟಿಯಲ್ಲಿ ನೆನೆಹಾಕಿ, ಘಾಟು ಪೂರ್ತಿ ಹೋಗುವ ತನಕ ಕಲಕುತ್ತೇವೆ. ಸಾಮಾನ್ಯವಾಗಿ ನಾಲ್ಕೈದು ದಿನ, ಚಳಿಯಲ್ಲಿ ಇನ್ನೂ ಹೆಚ್ಚು. ಒಣಗಿಸಿ, ಹತ್ತು ಪಾಲು ಮರಳಿಗೆ ಒಂದು ಪಾಲಿನಂತೆ ಬ್ಲಾಕಿಗೆ ಹಾಕುತ್ತೇವೆ. ಕಂಬಿ ಹಾಕುವ ಕಾಂಕ್ರೀಟಿಗೆ ಮಾತ್ರ ಕೊಡುವುದಿಲ್ಲ; ಉಳಿದ ಉಪ್ಪು ಕಬ್ಬಿಣ ತಿನ್ನುತ್ತದೆ.

ತೊಳೆದ ನೀರಿನದೇ ತಲೆನೋವು. ಅದು ಉಪ್ಪುನೀರು, ಚರಂಡಿಗೆ ಬಿಡುವ ಹಾಗಿಲ್ಲ. ಜರ್ಮನಿಯಲ್ಲಿ ಅದನ್ನು ಆವಿ ಮಾಡಿ ಉಪ್ಪನ್ನು ಮತ್ತೆ ಫ್ಲಕ್ಸಿಗೇ ಬಳಸುವ ಕಾರ್ಖಾನೆಗಳಿವೆ. ನಮಗಿರುವುದು ದಾವಣಗೆರೆಯ ಏಪ್ರಿಲ್ ಬಿಸಿಲು. ತಗಡಿನ ಹರಿವಾಣದಲ್ಲಿ ಒಣಗಿಸಿ ನೋಡುತ್ತಿದ್ದೇನೆ, ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ.

ಆ ಬ್ಲಾಕುಗಳಿಂದ ನಮ್ಮದೇ ಕಾಂಪೌಂಡು ಕಟ್ಟಿಸಿದ್ದೇನೆ. ಕಳೆದ ಮಳೆ ಮುಗಿದ ಮೇಲೆ ಬುಡದ ಸಾಲಿನಲ್ಲಿ ಬಿಳಿ ಪುಡಿ ಕಾಣಿಸಿಕೊಂಡಿತು. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪೇ. ಮುಂದಿನ ಸಲ ಎರಡು ಸುತ್ತು ತೊಳೆಯಬೇಕು.