ಕ್ಯಾಲಿಬರ್, ಝೊಟೆರೊ ಎರಡನ್ನೂ ಇಟ್ಟುಕೊಂಡೇ ಗೆದ್ದೆ

"ಎರಡರಲ್ಲಿ ಒಂದನ್ನು ಬಿಡಿ" ಅಂತ ಎಲ್ಲರೂ ಹೇಳಿದ್ದರು. ಇ-ಪುಸ್ತಕ ಜೋಡಿಸಿಡುವ ಕ್ಯಾಲಿಬರ್, ಉಲ್ಲೇಖ ಕೂಡಿಟ್ಟು ಅಡಿಟಿಪ್ಪಣಿ ಹಾಕಿಕೊಡುವ ಝೊಟೆರೊ, ಈ ಎರಡು ತಂತ್ರಾಂಶಗಳ ಮಾತು. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನ ಗೆಳತಿಯರು ಹೇಳಿದರು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನೂ ಹೇಳಿದ: "ಚಿಕ್ಕಮ್ಮ, ಎಲ್ಲ ಝೊಟೆರೊಗೇ ಹಾಕ್ಬಿಡಿ, ತಲೆನೋವು ಮುಗೀತು." ನಾನು ಬಿಡಲಿಲ್ಲ. ಎರಡನ್ನೂ ಈಗಿನ ರೀತಿಯಲ್ಲಿ ಜೋಡಿಸಿ ಎಂಟು ತಿಂಗಳಾಯಿತು. ಸುಮಾರು 2,300 ಇ-ಪುಸ್ತಕ, 1,700 ಚಿಲ್ಲರೆ ಉಲ್ಲೇಖ. ಇಷ್ಟರಲ್ಲಿ ಒಂದು ಲಿಂಕೂ ಕಡಿದಿಲ್ಲ.

ನನ್ನ ಸಂಶೋಧನೆಯ ವಿಷಯ ಮುಂಬೈಯ ಕನ್ನಡ ರಾತ್ರಿಶಾಲೆಗಳು. ಅಡಿಟಿಪ್ಪಣಿ ಹಾಕಲು ಝೊಟೆರೊ ಬೇಕೇ ಬೇಕು. ಆದರೆ ಓದುವುದು ಡೊಂಬಿವಲಿ ಲೋಕಲ್ ರೈಲಿನಲ್ಲಿ, ಇ-ರೀಡರ್‌ನಲ್ಲಿ. ಅದಕ್ಕೆ ಪುಸ್ತಕ ತುಂಬಿಸಲು ಕ್ಯಾಲಿಬರ್‌ನಷ್ಟು ಸಲೀಸಾದದ್ದು ನನಗೆ ಬೇರೆ ಸಿಕ್ಕಿಲ್ಲ.

ಮೊದಲು ದುಡ್ಡಿನ ಕಥೆ. ಝೊಟೆರೊದಲ್ಲಿ ಪುಕ್ಕಟೆ ಸಿಗುವ ಜಾಗ 300 ಎಂಬಿ. ಹಳೆಯ ಪುಸ್ತಕದ ಒಂದು ಸ್ಕ್ಯಾನ್ 40–50 ಎಂಬಿ ತಿನ್ನುತ್ತದೆ, ಆರೇಳು ಪುಸ್ತಕಕ್ಕೇ ತುಂಬಿಹೋಯಿತು. ಉಳಿತಾಯ ಮಾಡೋಣ ಅಂತ ಝೊಟೆರೊದ ಡೇಟಾಬೇಸನ್ನೇ ಬೇರೊಂದು ಕ್ಲೌಡ್ ಫೋಲ್ಡರಿಗೆ ಸರಿಸಿದೆ. ಒಂದು ದಿನ ಮನೆಯ ಕಂಪ್ಯೂಟರ್, ಲ್ಯಾಪ್‌ಟಾಪ್ ಎರಡರಲ್ಲೂ ತೆರೆದಿಟ್ಟಿದ್ದೆ. ಫೈಲ್ ಕೆಟ್ಟಿತು, ಇನ್ನೂರರಷ್ಟು ನಮೂದು ಹೋಯಿತು. ಆಮೇಲೆ ಜೊತೆಗೆ ಒಯ್ಯುತ್ತಿದ್ದ ಹಾರ್ಡ್‌ಡಿಸ್ಕ್ ದಾದರ್‌ನಲ್ಲಿ ಇಳಿಯುವ ನೂಕುನುಗ್ಗಲಿನಲ್ಲಿ ಕೈಜಾರಿತು. ಡೇಟಾ ತೆಗೆದುಕೊಡುವ ಅಂಗಡಿಯವನು ಹದಿನೆಂಟು ಸಾವಿರ ಕೇಳಿದ. ಚೌಕಾಸಿ ಮಾಡಿ ಹನ್ನೊಂದು ಕೊಟ್ಟೆ, ಬಂದದ್ದು ಅರ್ಧ. ಈಗ ಲ್ಯಾಮಿಂಗ್ಟನ್ ರೋಡಿನಿಂದ ತಂದ ಎರಡು ಡಿಸ್ಕ್ ಇವೆ, ಎರಡೂ ಸೇರಿ ಒಂಬತ್ತು ಸಾವಿರದ ಆಸುಪಾಸು. ಒಂದು ಮನೆಯಲ್ಲಿ, ಒಂದು ತಂಗಿಯ ಮನೆಯಲ್ಲಿ. ಪ್ರಯಾಣಕ್ಕೆ ಯಾವುದನ್ನೂ ಒಯ್ಯುವುದಿಲ್ಲ.

ಇನ್ನು ಜೋಡಣೆ. ಕ್ಯಾಲಿಬರ್ ಫೋಲ್ಡರಿನ ಫೈಲನ್ನೇ ಝೊಟೆರೊಗೆ ಲಿಂಕ್ ಮಾಡಿದರಾಯಿತು ಅಂದುಕೊಂಡೆ. ನೀವೂ ಮಾಡಿರುತ್ತೀರಿ, ಅಲ್ವಾ? ಮೂರು ವಾರ ಚೆನ್ನಾಗಿತ್ತು. ಆಮೇಲೆ ಕಿಟ್ಟೆಲ್ ನಿಘಂಟು ಕೈಕೊಟ್ಟಿತು. 1894ರ ಆ ನಿಘಂಟಿನ ಮೂರು ಸ್ಕ್ಯಾನ್ ನನ್ನಲ್ಲಿದ್ದವು. ಲೇಖಕರ ಹೆಸರು ಒಂದರಲ್ಲಿ 'ರೆವರೆಂಡ್ ಎಫ್. ಕಿಟ್ಟೆಲ್', ಇನ್ನೊಂದರಲ್ಲಿ ಬರೀ 'ಕಿಟ್ಟೆಲ್ ಎಫ್', ಮತ್ತೊಂದರಲ್ಲಿ ಕನ್ನಡ ಅಕ್ಷರದಲ್ಲಿ. ಅಂದರೆ ಒಬ್ಬರೇ ಲೇಖಕರಿಗೆ ಮೂರು ಫೋಲ್ಡರ್. ಒಂದು ರಾತ್ರಿ ಕೂತು ಹೀಗಿದ್ದ ಹೆಸರುಗಳನ್ನೆಲ್ಲ ಸರಿಮಾಡಿದೆ. ಹೆಸರು ತಿದ್ದಿದರೆ ಕ್ಯಾಲಿಬರ್ ಫೋಲ್ಡರನ್ನೂ ಬದಲಿಸುತ್ತದೆ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಬೆಳಿಗ್ಗೆ ನೋಡಿದರೆ ಝೊಟೆರೊದಲ್ಲಿ ನಾನೂರು ಲಿಂಕ್ ಸತ್ತಿದ್ದವು.

ಆಗ ಹೊಳೆಯಿತು. ಹೆಸರು ಬದಲಾಗುತ್ತದೆ, ನಂಬರ್ ಬದಲಾಗುವುದಿಲ್ಲ. ಕ್ಯಾಲಿಬರ್ ಫೋಲ್ಡರಿನ ಕೊನೆಗೆ ಕಂಸದಲ್ಲಿ ಒಂದು ಸಂಖ್ಯೆ ಇರುತ್ತದೆ, ನೋಡಿರುತ್ತೀರಿ. ಪುಸ್ತಕವನ್ನು ಆ ಸಂಖ್ಯೆಯಿಂದಲೇ ತೆರೆಯುವ ಲಿಂಕನ್ನು ಕ್ಯಾಲಿಬರ್ ಕೊಡುತ್ತದೆ. ಅದನ್ನು ಝೊಟೆರೊದ ನಮೂದಿಗೆ ವೆಬ್ ಲಿಂಕ್ ಆಗಿ ಅಂಟಿಸಿದೆ. ಝೊಟೆರೊ ಕಡೆಯಿಂದ ಪ್ರತಿ ನಮೂದಿಗೂ ಎಂಟು ಅಕ್ಷರದ ಕೀ ಇದೆಯಲ್ಲ, ಅದನ್ನು ಕ್ಯಾಲಿಬರ್‌ನ ಐಡಿ ಖಾನೆಗೆ ಹಾಕಿದೆ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಹಾಕುತ್ತೇವಲ್ಲ, ಅದೇ ಖಾನೆ. ಕ್ಯಾಲಿಬರ್‌ನ ಸೆಟ್ಟಿಂಗ್ಸ್‌ನಲ್ಲಿ 'ಲುಕ್ ಅಂಡ್ ಫೀಲ್' ಒಳಗೆ ಐಡಿಯನ್ನು ಲಿಂಕ್ ಮಾಡುವ ನಿಯಮ ಬರೆಯಬಹುದು. ಬರೆದ ಮೇಲೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಒಂದೇ ಕ್ಲಿಕ್. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಐಎಸ್‌ಬಿಎನ್ ಇಲ್ಲದ ಹಳೆಯ ಕನ್ನಡ ಪುಸ್ತಕಗಳಿಗೆ ಒಂದೊಂದಾಗಿ ಕೈಯಲ್ಲೇ ಕೀ ಹಾಕಿದೆ, ಎರಡು ತಿಂಗಳು ಹಿಡಿಯಿತು.

ಇನ್ನೊಂದು ಖಾನೆ ಮಾಡಿಕೊಂಡೆ, 'ಪುಟ ವ್ಯತ್ಯಾಸ'. ಸ್ಕ್ಯಾನಿನ 48ನೇ ಪುಟ ತೆರೆದರೆ ಅಚ್ಚಾದ ಸಂಖ್ಯೆ 32 ಇರುತ್ತದೆ. ಹಾಗಾದರೆ ಖಾನೆಯಲ್ಲಿ 16. ಅಡಿಟಿಪ್ಪಣಿ ಬರೆಯುವಾಗ ಕಳೆದರೆ ಮುಗಿಯಿತು. ಗೈಡ್ ಒಂದೇ ಅಧ್ಯಾಯದಲ್ಲಿ ಹನ್ನೊಂದು ತಪ್ಪು ಪುಟಸಂಖ್ಯೆ ಗುರುತಿಸಿದ್ದರು, ಆವತ್ತೇ ಇದನ್ನು ಶುರುಮಾಡಿದೆ.

ಕನ್ನಡ ಲಿಪಿ, ಇಂಗ್ಲಿಷ್ ಲಿಪಿ ಎರಡರ ಲೇಖಕರನ್ನೂ ಒಂದೇ ಅಕಾರಾದಿಯಲ್ಲಿ ಕೂರಿಸುವುದಕ್ಕೂ ನನ್ನದೇ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ಕೆಲಸದ ನಡುವೆ ಓಸಿಆರ್, ಅಂದರೆ ಪುಟದ ಚಿತ್ರದಿಂದ ಅಕ್ಷರ ಓದಿಸುವ ಹುಚ್ಚೂ ಹಿಡಿಯಿತು. ಟೆಸೆರಾಕ್ಟ್ ಎಂಬ ಓಸಿಆರ್ ತಂತ್ರಾಂಶಕ್ಕೆ ಕನ್ನಡ ಭಾಷೆ ಸೇರಿಸಿ, ರಾತ್ರಿ ಊಟ ಮುಗಿಸಿ ಪುಸ್ತಕ ಹಚ್ಚಿಟ್ಟು ಮಲಗುತ್ತಿದ್ದೆ. ಮುನ್ನೂರು ಪುಟಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಒತ್ತಕ್ಷರಗಳಲ್ಲಿ ಜಾಸ್ತಿ ಎಡವುತ್ತದೆ, ಆದರೂ ಹುಡುಕಲು ಸಾಕು. ಇದರಿಂದ ಇನ್ನೊಂದು ಲಾಭವೂ ಆಯಿತು. ಯೂನಿಕೋಡ್‌ಗಿಂತ ಮೊದಲಿನ ಫಾಂಟುಗಳಲ್ಲಿ ಮಾಡಿದ ಪಿಡಿಎಫ್‌ಗಳು ಕಣ್ಣಿಗೆ ಕನ್ನಡವೇ, ಕಾಪಿ ಮಾಡಿದರೆ ಬರೀ ಇಂಗ್ಲಿಷ್ ಕಲಸುಮೇಲೋಗರ. ಅವನ್ನು ಯೂನಿಕೋಡ್ ಮಾಡಲು ಪರಿವರ್ತಕಕ್ಕೆ ಹಾಕಿ ಹಾಕಿ ಸೋತಿದ್ದೆ. ಒಳಗಿನ ಅಕ್ಷರವನ್ನು ಪಕ್ಕಕ್ಕಿಟ್ಟು, ಪುಟವನ್ನು ಚಿತ್ರ ಅಂತಲೇ ತಿಳಿದು ಓಸಿಆರ್ ಮಾಡು ಅಂತ ಒತ್ತಾಯಿಸಿದರೆ ಕೆಲಸ ಆಗುತ್ತದೆ. ಅಂಥವು 140 ಇದ್ದವು, ಅರವತ್ತು ಮುಗಿದಿವೆ. ಮಾಟುಂಗಾದ ಫುಟ್‌ಪಾತಿನಲ್ಲಿ ಕೊಂಡ ಪುಸ್ತಕಗಳ ಒಂದು ಗೋಣಿಚೀಲವೂ ಸ್ಕ್ಯಾನಿಗೆ ಕಾಯುತ್ತಿದೆ. ಅಕ್ಕನ ಮಗ ಮೊನ್ನೆ ಫೋನ್ ಮಾಡಿ ಐಡಿ ನಿಯಮ ಬರೆಯುವುದು ಹೇಗೆ ಅಂತ ಕೇಳಿಕೊಂಡ.